ಕೈ ಮುಟ್ಟದ ಆರತಿ

ಕಾಲಡಿ ಒದ್ದೆ ಬಟ್ಟೆ, ತಣ್ಣಗಿದೆ, ಸರಿಯಾಗಿ ಹಿಂಡಿಲ್ಲ ಪುಣ್ಯಾತ್ಮ, ಮಡಿ ಹಾಸುವವನಿಗೆ ಯಾವಾಗಲೂ ಅವಸರ, ಹಿಂದಿನ ಸೀರೆ ಎಳೆದುಕೊಂಡು ಮುಂದಕ್ಕೆ ಓಡುತ್ತಾನೆ, ಹಾಸುತ್ತಾನೆ, ನಾನು ಹೆಜ್ಜೆ ಇಡಬೇಕು, ಕೆಳಗೆ ನೋಡುವ ಹಾಗಿಲ್ಲ — ನೋಡದಿದ್ದರೂ ಕಾಲಿಗೆ ಗೊತ್ತಾಗುತ್ತದೆ, ತಣ್ಣಗಿದ್ದರೆ ಮಡಿ, ಸುಟ್ಟರೆ ಬೀದಿ, ಅಷ್ಟೆ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ನಾಗಮಂಗಲದ ಹಿತ್ತಾಳೆ ತಟ್ಟೆ, ಅತ್ತೆಯ ಕಾಲದ್ದು, ತಟ್ಟೆಯಲ್ಲಿ ತಂಬಿಟ್ಟು, ತಂಬಿಟ್ಟಿನ ಗುಳಿಯಲ್ಲಿ ತುಪ್ಪ, ತುಪ್ಪದಲ್ಲಿ ಬತ್ತಿ, ಬತ್ತಿ ಉರಿಯುತ್ತಿದೆಯೋ ಇಲ್ಲವೋ ನನಗೆ ಕಾಣುವುದಿಲ್ಲ, ಎದುರಿಗೆ ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ತಮಟೆ ಬಡಿಯುವವರ ಕಣ್ಣು ನನ್ನ ತಲೆಯ ಮೇಲೇ ಇದೆ, ಉರಿಯುತ್ತಿರಬೇಕು. ಎರಡು ಕೈಯಲ್ಲೂ ಬೇವಿನ ಸೊಪ್ಪು. ಹಿಂದೆ ಬರುವ ಹೆಂಗಸರು ತಟ್ಟೆ ಹಿಡಿದುಕೊಂಡರೆ ಯಾರೂ ಕೇಳುವುದಿಲ್ಲ, ಮೊದಲ ಆರತಿಯನ್ನು ಮಾತ್ರ ಹಿಡಿಯುವ ಹಾಗಿಲ್ಲ, ಮನೆಯಿಂದ ಮಾರಮ್ಮನ ಗುಡಿಯವರೆಗೆ ಕೈ ಮುಟ್ಟದೆ ಹೊರಬೇಕು, ಅದು ನಮ್ಮ ಮನೆಯ ಹಿರಿಸೊಸೆಯ ಹಕ್ಕು, ಹಿರಿಸೊಸೆ ನಾನು, ಪುಟ್ಟಲಕ್ಷ್ಮಮ್ಮ, ಹೆಸರು ಯಾರಿಗಾದರೂ ಮರೆತಿದ್ದರೆ ಇವತ್ತು ಜ್ಞಾಪಿಸಿಕೊಳ್ಳಲಿ. ಬೆಳಿಗ್ಗೆ ಊರ ಯಜಮಾನ ಚಿಕ್ಕಮಾದಯ್ಯ ಜಗುಲಿಗೆ ಬಂದು ಕೂತು, ನೋಡವ್ವ, ಈಗ್ಲೇ ಯೋಳ್ಬುಡ್ತೀನಿ, ಆರತಿ ಬೀಳ್ಬಾರ್ದು, ಕೈ ಮುಟ್ಬಾರ್ದು, ಎಲ್ಡ್ರಲ್ಲಿ ಒಂದಾದ್ರೂ ಮೊದ್ಲಾರ್ತಿ ಚಲುವಮ್ಮನ ಪಾಲ್ಗೆ ಖಾಯಂ ಆಯ್ತದೆ, ಆಮೇಕೆ ನನ್ತಾವ ಬಂದು ಅಳ್ಬ್ಯಾಡ, ಅಂದ. ಅಳಾಕಿಲ್ಲ ಬುಡಿ ಅಂದೆ. ಚಲುವಮ್ಮ ಎಂದರೆ ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ, ಈಗ ನನ್ನ ಎಡಕ್ಕೆ ಒಂದು ಹೆಜ್ಜೆ ಹಿಂದೆ ಎರಡನೆಯ ಆರತಿ ಹೊತ್ತು ಬರುತ್ತಿದ್ದಾಳೆ, ಬಳೆ ಸದ್ದು ಕೇಳುತ್ತಿದೆ, ತಟ್ಟೆ ಹಿಡಿದುಕೊಂಡಿದ್ದಾಳೆ, ಹಿಡಿದುಕೊಳ್ಳಲಿ. ಐದಾರು ವರ್ಷ ಮೊದಲನೆಯದನ್ನು ಅವಳೇ ಹೊತ್ತಳು, ಕೈ ಮುಟ್ಟದೆಯೇ ಹೊತ್ತಳು, ಇಲ್ಲದ್ದು ಹೇಳಬಾರದು, ಕತ್ತು ಗಟ್ಟಿ ಅವಳದ್ದು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ, ಒಂದು ಬೆರಳು ಗಲ್ಲಕ್ಕೆ ಕೊಟ್ಟುಕೊಂಡು.

ಡೈರಿ ಬಂತು, ಹಾಲಿನ ವಾಸನೆ, ಕ್ಯಾನು ಉರುಳಿಸುವವರೂ ನಿಲ್ಲಿಸಿ ನೋಡುತ್ತಿದ್ದಾರೆ, ನೋಡಿ ನೋಡಿ, ಕಣ್ಣು ತುಂಬ ನೋಡಿ — ಶುರುವಾದದ್ದೂ ಹಾಲಿನಿಂದಲೇ, ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕರೆಯುತ್ತಿದ್ದೆ, ತಲೆ ತನ್ನಷ್ಟಕ್ಕೆ ಎಡಕ್ಕೆ ಹೊರಟಿತು, ಯಾರೋ ಗದ್ದ ಹಿಡಿದು ತಿರುಗಿಸಿದ ಹಾಗೆ, ಉಳುಕಿರಬೇಕು ಅಂದುಕೊಂಡೆ, ಉಳುಕಾದರೆ ನಾಲ್ಕು ದಿನಕ್ಕೆ ಹೋಗಬೇಕಲ್ಲ, ಹೋಗಲಿಲ್ಲ, ಬರಬರುತ್ತ ನನ್ನ ಮುಖ ಎಡಭುಜದ ಮೇಲೇ ಮನೆ ಮಾಡಿತು. ಬಲಕ್ಕೆ ಏನಿದೆ ಎಂದು ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಆದರೆ ಒಂದು ವಿಚಿತ್ರ, ಬೆರಳು ಗಲ್ಲಕ್ಕೆ ತಾಗಿಸಿದರೆ ಸಾಕು, ಒತ್ತುವುದೂ ಬೇಡ, ಸುಮ್ಮನೆ ತಾಗಿಸಿದರೆ ಕತ್ತು ನೆಟ್ಟಗಾಗುತ್ತಿತ್ತು, ಬೆರಳು ತೆಗೆದರೆ ಮತ್ತೆ ಎಡಕ್ಕೆ. ಹೀಗಾಗಿ ಎದ್ದರೂ ಕೂತರೂ ಗಲ್ಲದ ಮೇಲೆ ಕೈ. ಗಲ್ಲದ ಮೇಲೆ ಕೈ ಇಟ್ಟು ಕೂರುವುದು ಸಾವಿನ ಮನೆಯಲ್ಲಿ, ಯಾರಿಗೆ ಗೊತ್ತಿಲ್ಲ, ಅತ್ತೆ ಬದುಕಿದ್ದಾಗ ದಿನಕ್ಕೊಂದು ಸಲ, ಯಾರ್ ಸತ್ರು ಅಂತಮ್ಮಿ ಗಲ್ಲದ್ಮ್ಯಾಲೆ ಕೈ ಮಡ್ಗಿದ್ದೀಯೆ, ತಗಿ ಮೊದ್ಲು, ತೆಗೆದರೆ ಮುಖ ತಿರುಗುತ್ತಿತ್ತು, ಯಾರ್ ಮ್ಯಾಲಮ್ಮಿ ಈ ಕ್ವಾಪ, ಕೈ ಇಟ್ಟರೆ ಅಪಶಕುನ, ತೆಗೆದರೆ ಅವಮಾನ, ನಾನು ಯಾವುದನ್ನು ಮಾಡಲಿ. ಚಪ್ಪರದ ಮನೆಗಳಿಗೆ ಕರೆಯುವುದು ನಿಂತಿತು. ಕರೆದರೂ ಹಿತ್ತಲಲ್ಲಿ ತರಕಾರಿ ಹೆಚ್ಚುವ ಕಡೆ ಕೂರಿಸುತ್ತಿದ್ದರು.

ಆಮೇಲೆ ಆ ತೊಟ್ಟಿಲ ದಿನ — ನೆನೆಯಬಾರದು, ಈಗ ನೆನೆಯಬಾರದು, ಹೆಜ್ಜೆ ನೋಡಿಕೊ, ತಣ್ಣಗೆ, ತಣ್ಣಗೆ, ಹೂಂ — ಚಲುವಮ್ಮನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಗಂಡು ಕೂಸು, ಮೊದಲು ನನ್ನ ಕೈಗೇ ಕೊಡಬೇಕೆಂದು ಅವಳಿಗೆ ಆಸೆ, ಅಕ್ಕ, ಎತ್ಕೊ, ನೀನೇ ಎತ್ಕೊ ಅಂತ ನನ್ನ ಬಲಗಡೆ ನಿಂತು ಮಗುವನ್ನು ಚಾಚಿದಳು, ಮಗು ಎತ್ತಿಕೊಳ್ಳಲು ಎರಡು ಕೈ ಬೇಕಲ್ಲ, ಗಲ್ಲದಿಂದ ಕೈ ತೆಗೆದೆ, ತಲೆ ಗಕ್ಕನೆ ಎಡಕ್ಕೆ ಹೋಯಿತು, ಕೂಸು ಆ ಕಡೆ, ನನ್ನ ಮುಖ ಈ ಕಡೆ, ಮನೆ ತುಂಬ ನೆಂಟರು. ಮಗೀನ ಕಂಡು ಮೊಕ ತಿರುಗುಸ್ಕಂಡ್ಳು ಕಣ್ರವ್ವ, ಅವಳಿಗೆ ಹೊಟ್ಟೆಕಿಚ್ಚು, ಎಂದು ಚಲುವಮ್ಮ ಅಲ್ಲೇ ಅಂದಳು. ಕೊರಳ ಕಾಯಿಲೆ ಕಣೇ ಅಂದೆ, ಗೋಡೆಯ ಕಡೆ ನೋಡಿಕೊಂಡು ಅಂದೆ, ಯಾರು ನಂಬುತ್ತಾರೆ. ಅದೇ ವಾರ ಮಗುವಿಗೆ ಜ್ವರ ಬಂತು, ಮೂರು ದಿನ ಕಣ್ಣು ಬಿಡಲಿಲ್ಲ, ಈಗ ಗುಂಡುಕಲ್ಲಿನ ಹಾಗಿದ್ದಾನೆ, ಗೋಲಿ ಆಡುತ್ತಾನೆ, ಆದರೆ ಆ ಮೂರು ದಿನದ ಲೆಕ್ಕ ನನ್ನ ಮೇಲೆಯೇ ಬಿತ್ತು. ಅವಳು ಅಕ್ಕ ಅನ್ನುವುದನ್ನು ಬಿಟ್ಟಳು. ಹಬ್ಬದ ಪಂಚಾಯಿತಿಯಲ್ಲಿ, ಮಾರಮ್ಮ ತಾಯಿನೇ ಅವಳ ಮೊಕ ತಿರುಗ್ಸವ್ಳೆ, ಅಂತೋಳ ತಲೆ ಮ್ಯಾಲೆ ಮೊದ್ಲಾರ್ತಿಯಾ, ಅಂದಳಂತೆ. ಯಾರೂ ಎದುರು ಮಾತಾಡಲಿಲ್ಲ, ನನ್ನ ಗಂಡ ಶಿವಣ್ಣ ಒಬ್ಬರು ಮಾತ್ರ ಟವೆಲು ಕೊಡವಿಕೊಂಡು ಎದ್ದು ಬಂದರಂತೆ.

ತಿರುವು. ಬಲಕ್ಕೆ ತಿರುವು, ಸೊಸೈಟಿ ಮಗ್ಗುಲಿನದು, ಬೀದಿ ಇಲ್ಲಿ ಕಿರಿದು, ಜನ ಎರಡೂ ಕಡೆ ಗೋಡೆಗೆ ಒತ್ತಿಕೊಂಡಿದ್ದಾರೆ, ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಭುಜ, ತಲೆ ಎಲ್ಲಕ್ಕಿಂತ ಕೊನೆಗೆ, ತಟ್ಟೆಗೆ ತಿರುಗಿದ್ದೇ ಗೊತ್ತಾಗಬಾರದು, ಅತ್ತೆ ಹೇಳಿಕೊಟ್ಟದ್ದು — ಆಯಿತು, ತಿರುಗಿದೆ, ಬಲಕ್ಕೆ ತಿರುಗಿದೆ ನನ್ನ ಕತ್ತು, ಯಾರಿಗೂ ಇದರ ಬೆಲೆ ಗೊತ್ತಿಲ್ಲ. ಏನೇನು ಮಾಡಲಿಲ್ಲ, ಪಾಂಡವಪುರದ ಕಡೆ ಉಳುಕು ತೆಗೆಯುವವಳೊಬ್ಬಳು ಹರಳೆಣ್ಣೆ ತಿಕ್ಕಿ ಲಟಕ್ಕನೆ ಎಳೆದಳು, ಒಂದು ವಾರ ದಿಂಬಿಗೆ ತಲೆ ಇಡಲಾಗಲಿಲ್ಲ, ಸಂತೆಬಾಚಳ್ಳಿ ಸಂತೆಯಲ್ಲಿ ಯಾರೋ ಕೊಟ್ಟ ತಾಯತ, ಇನ್ನೊಬ್ಬರು ಹೇಳಿದ ಪಥ್ಯ, ಕತ್ತಿಗೇನೂ ಕೇಳಿಸಲಿಲ್ಲ. ಇವರು ಬಸ್ಸಿನಲ್ಲಿ ನನ್ನ ಎಡಗಡೆ ಕೂರುವುದನ್ನು ಅಭ್ಯಾಸ ಮಾಡಿಕೊಂಡರು, ಮನೆಯಲ್ಲಿ ಚಾಪೆಯನ್ನೂ ಎಡಕ್ಕೆ ಹಾಕಿಕೊಂಡರು, ಇನ್ಮ್ಯಾಕೆ ನೀನು ನನ್ನ ಬುಟ್ಟು ಬ್ಯಾರೆ ಯಾರ್ನೂ ನೋಡಂಗಿಲ್ಲ ಕಣಮ್ಮಿ ಅಂತ ನಗಿಸಲು ನೋಡುತ್ತಿದ್ದರು, ನಾನು ನಗುತ್ತಿದ್ದೆ, ಆಮೇಲೆ ಅಳುತ್ತಿದ್ದೆ. ಕೃಷ್ಣರಾಜಪೇಟೆಯ ಲೇಡಿ ಡಾಕ್ಟರು ಒಂದು ಸಲ ಗಲ್ಲದ ಮೇಲಿನ ನನ್ನ ಬೆರಳನ್ನೇ ನೋಡುತ್ತ ಇದ್ದು, ನೀವು ಬೆಂಗಳೂರಿಗೆ ಹೋಗಿ, ನರದ ಆಸ್ಪತ್ರೆಗೆ, ತಡ ಮಾಡಬೇಡಿ ಅಂದರು. ಹೋದೆವು. ಅಲ್ಲಿನ ಡಾಕ್ಟರು ಸಣಕಲು, ಕನ್ನಡಕ, ಏನಮ್ಮ ತೊಂದರೆ ಅಂದರು, ಬಾಯಲ್ಲಿ ಹೇಳುವುದೇನು ಎಂದು ಬೆರಳು ಗಲ್ಲಕ್ಕಿಟ್ಟೆ, ತೆಗೆದೆ, ಇಟ್ಟೆ, ತೆಗೆದೆ. ಆ ಮನುಷ್ಯ ಕುರ್ಚಿಯಿಂದ ಎದ್ದುಬಿಟ್ಟರು, ಬನ್ರಪ್ಪ ಬನ್ರಪ್ಪ ಇಲ್ಲಿ ನೋಡಿ ಅಂತ ಪಕ್ಕದ ರೂಮಿನಿಂದ ಹುಡುಗ ಡಾಕ್ಟರುಗಳನ್ನೆಲ್ಲ ಕರೆದರು, ಇನ್ನೊಂದ್ಸಲ ಮಾಡಿ ಅಮ್ಮ, ಇನ್ನೊಂದ್ಸಲ, ಇದೇ ಗುರುತು, ಇದರಿಂದಲೇ ಕಾಯಿಲೆ ಗೊತ್ತಾಗೋದು ಅಂದರು. ಗಲ್ಲದ ಮೇಲಿನ ಕೈ ನೋಡಿ ಖುಷಿಪಟ್ಟ ಮೊದಲ ಮನುಷ್ಯ ಅವರೊಬ್ಬರು, ನನಗೆ ಅಲ್ಲೇ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಸುಂಯ್ ಅಂತ ಗಾಳಿ, ಆರತಿ ಆರದಿರಲಿ, ಸಂದಿಯಿಂದ ಬರುವ ಗಾಳಿ, ತಟ್ಟೆಗೆ ಸಿಕ್ಕಿಸಿದ ಹೊಂಬಾಳೆ ಎಳೆ ಕಿವಿಗೆ ತಾಗುತ್ತಿದೆ, ತಾಗಲಿ — ನಿಮ್ಮ ಕತ್ತಿನಲ್ಲಿ ತಪ್ಪಿಲ್ಲ ಅಮ್ಮ, ಮೆದುಳು ತಪ್ಪು ಅಪ್ಪಣೆ ಕೊಡ್ತಾ ಇದೆ, ಎಳೀತಿರೋ ಮಾಂಸಖಂಡಕ್ಕೆ ಔಷಧಿ ಚುಚ್ಚಿ ಅದನ್ನ ಸುಸ್ತು ಮಾಡ್ತೀವಿ, ಅಂದರು ಆ ಡಾಕ್ಟರು. ಎಂತ ಔಸ್ತಿ ಅಂತ ಇವರು ಕೇಳಿದರು. ನಿಜ ಹೇಳ್ಲಾ, ವಿಷ, ಸೀಲು ಮಾಡಿದ ಡಬ್ಬಿಯ ಊಟ ಕೆಟ್ಟರೆ ಅದರಲ್ಲಿ ಹುಟ್ಟುತ್ತಲ್ಲ, ಅದು, ಹೊಟ್ಟೆಗೆ ಹೋದ್ರೆ ಉಸಿರು ನಿಲ್ಲಿಸುತ್ತೆ, ಕೂದಲೆಳೆಯಷ್ಟು ಅಳತೆ ಮಾಡಿ ಸರಿಯಾದ ಜಾಗಕ್ಕೆ ಕೊಟ್ರೆ ಕತ್ತು ಬಿಡಿಸುತ್ತೆ, ಹೊರದೇಶದಿಂದ ಐಸ್ ಡಬ್ಬಿಯಲ್ಲಿ ಬರ್ತದೆ. ಇವರ ಮುಖ ಬಿಳುಚಿಕೊಂಡಿತು, ಬ್ಯಾಡ ನಡಿಯಮ್ಮಿ ಅಂದರು, ನಾನು ಕದಲಲಿಲ್ಲ, ಐದು ವರ್ಷ ಜನರ ಬಾಯಿಂದ ಬಂದದ್ದಕ್ಕಿಂತ ಇದೇನು ಹೆಚ್ಚಿನದಾ ಅಂದೆ. ಡಾಕ್ಟರು ನಕ್ಕು, ಅಮೆರಿಕದಲ್ಲಿ ಇದನ್ನೇ ಹಣೆ ಸುಕ್ಕು ಹೋಗಲಿ ಅಂತ ಚುಚ್ಚಿಸಿಕೊಳ್ಳೋರು ಇದ್ದಾರಮ್ಮ, ವಯಸ್ಸು ಕಾಣಬಾರದು ಅಂತ, ಅಂದರು. ಸುಕ್ಕಿಗೆ ವಿಷವಾ, ನನಗೆ ನಗು ತಡೆಯಲಾಗಲಿಲ್ಲ, ಅಂಗಾರೆ ಸ್ವಾಮಿ, ಚುಚ್ಚೋವಾಗ ಒಂದು ಹನಿ ಉಳುದ್ರೆ ನನ್ನ ಹಣೆಗೂ ಹಾಕ್ಬುಡಿ, ಅಂದೆ. ಸೂಜಿ ಸಣ್ಣದು, ಬಲಗಡೆ ಹಗ್ಗದ ಹಾಗೆ ಉಬ್ಬಿದ್ದ ಖಂಡಕ್ಕೆ ಒಂದಷ್ಟು, ಎಡಗಡೆ ಹಿಂದೆ ಒಂದಷ್ಟು, ಹುಡುಗ ಡಾಕ್ಟರೊಬ್ಬ ನನ್ನ ಕೈ ಹಿಡಿದುಕೊಂಡಿದ್ದ, ನೋವಾದರೆ ಹೇಳಿ ಅಂದ, ನೋವು ಅಂದರೆ ಏನು ಎಂದು ಅವನಿಗೆ ಯಾರು ಹೇಳಬೇಕು.

ಶ್ರೀರಂಗಪಟ್ಟಣದಲ್ಲಿ ನನ್ನ ಅಕ್ಕ ಯಶೋದಮ್ಮನ ಮನೆಯಲ್ಲಿ ಉಳಿದೆ. ಮೊದಮೊದಲು ಏನೂ ಇಲ್ಲ, ಬರೀ ಗಂಟಲು ಸಡಿಲ, ಮುದ್ದೆ ಇಳಿಯುತ್ತಿರಲಿಲ್ಲ, ಅಕ್ಕ ನುಚ್ಚಿನ ಗಂಜಿ ಮಾಡಿಕೊಟ್ಟು, ಮುದ್ದೆ ನುಂಗಕ್ಕಾಗ್ದಂಗೆ ಮಾಡ್ಬುಟ್ರಲ್ಲೇ ನಿನ್ನ, ಅಂತ ಸೆರಗಿನಲ್ಲಿ ಕಣ್ಣೊರಸಿಕೊಂಡಳು. ಆಮೇಲೊಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದೆ, ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಜಡೆ, ಕನ್ನಡಿಯಲ್ಲಿ ಒಬ್ಬಳು ನನ್ನನ್ನೇ ಎದುರಿಗೆ ನೋಡುತ್ತಿದ್ದಾಳೆ, ಎರಡು ಕಣ್ಣು, ಎರಡು ಕಿವಿ, ನಡುವೆ ಮೂಗು, ಎಲ್ಲ ಸರಿಯಾದ ಜಾಗದಲ್ಲಿ — ಎರಡು ಕೈಯೂ ಜಡೆಯಲ್ಲಿದ್ದರೆ ಗಲ್ಲದ ಮೇಲೆ ಯಾರ ಕೈ, ಯಾರದೂ ಇಲ್ಲ. ಅಕ್ಕ ಅಂತ ಕೂಗಿದೆ, ಅವಳು ಒಲೆ ಮೇಲಿನ ಹಾಲು ಬಿಟ್ಟು ಓಡಿ ಬಂದಳು, ಹಾಲು ಉಕ್ಕಿ ಹೋಯಿತು, ಹೋಗಲಿ ಬುಡು ಅಂತ ಇಬ್ಬರೂ ಅಲ್ಲೇ ಕೂತು ಅತ್ತೆವು. ಊರಿಗೆ ಬರುವಾಗ ಕಾವೇರಿ ಸೇತುವೆ ಮೇಲೆ ಬಸ್ಸಿನಲ್ಲಿ ನದಿಯನ್ನು ಎರಡೂ ಕಡೆ ನೋಡಿದೆ, ಅಷ್ಟು ವರ್ಷ ಹೋಗುವಾಗ ಅರ್ಧ ನದಿ, ಬರುವಾಗ ಇನ್ನರ್ಧ ನದಿ ನೋಡಿದವಳು ನಾನು, ಈ ಕಡೆ ಬಟ್ಟೆ ಒಗೆಯುವವರು, ಆ ಕಡೆ ಬಂಡೆ, ಹಿಂದೆ ಕೂತಿದ್ದವನು, ಯಾಕಕ್ಕ ಅಂಗೆ ಆಕಡೆ ಈಕಡೆ ನೋಡ್ತೀಯೆ, ಏನಾರ ಕಳ್ಕಂಡ್ಯಾ ಅಂದ. ಇಲ್ಲ ಕಣಪ್ಪ, ಸಿಕ್ತು, ಅಂದೆ.

ಆದರೆ ಔಷಧಿ ಮೂರು ನಾಲ್ಕು ತಿಂಗಳು, ಆಮೇಲೆ ಮತ್ತೆ ಚುಚ್ಚಿಸಬೇಕು, ಡಾಕ್ಟರು ಮೊದಲೇ ಹೇಳಿದ್ದರು. ದೀಪಾವಳಿ ಹೊತ್ತಿಗೆ ಕತ್ತು ಮೆಲ್ಲಗೆ ಎಡಕ್ಕೆ ಹೊರಟಾಗ ಊರಿಗೆಲ್ಲ ಹಬ್ಬ, ನಾನ್ ಯೋಳ್ಲಿಲ್ವಾ, ಅದು ಬಾಡ್ಗೆ ಕತ್ತು ಕಣ್ರವ್ವ, ಮೂರ್ ತಿಂಗ್ಳಿಗೆ ವಾಪಸ್ಸು, ಚಲುವಮ್ಮ ಕೊಳಾಯಿ ಹತ್ತಿರ ಅಂದದ್ದು, ನಾನು ಕೇಳಿಸಿಕೊಂಡೆ. ಬಾಡಿಗೆಯಾದರೇನು, ಇರುವಷ್ಟು ದಿನ ನನ್ನದೇ, ಯಾರದು ಇಲ್ಲಿ ಸ್ವಂತ. ಮತ್ತೆ ಬೆಂಗಳೂರಿಗೆ ಹೋದೆ, ಮಾರಮ್ಮನ ಹಬ್ಬಕ್ಕೆ ಸರಿಯಾಗಿ ಕತ್ತು ಗಟ್ಟಿಯಿರೋ ಹಂಗೆ ಕೊಡಿ ಸ್ವಾಮಿ ಅಂದೆ, ಮುಹೂರ್ತ ಇಟ್ಟು ಚುಚ್ಚಬೇಕಾ ಅಂತ ನಕ್ಕರು, ನಕ್ಕರೂ ಹಬ್ಬ ಯಾವಾಗ ಎಂದು ಕೇಳಿ ಇಂಥ ವಾರ ಬನ್ನಿ ಅಂದರು, ತಲೆ ಮೇಲೆ ಭಾರ ಮಾತ್ರ ಹೊರಬೇಡಿ ಅಂದರು. ಬಾರ ಅಲ್ಲ ಸ್ವಾಮಿ, ಆರತಿ, ಅಂದೆ. ಅವರು ಕನ್ನಡಕ ತೆಗೆದು ಒರಸಿಕೊಂಡು, ಎಷ್ಟು ದೊಡ್ಡದು ಅಂದರು, ಕೈಯಲ್ಲಿ ತೋರಿಸಿದೆ, ಕೊಂಚ ಚಿಕ್ಕದು ಮಾಡಿಯೇ ತೋರಿಸಿದೆ. ಮೊನ್ನೆ ಬಳೆ ತೊಡಿಸಲು ಬಂದ ಫಕ್ರುನ್ನೀಸಾ, ಪ್ರತಿ ವರ್ಷ ಒಂದು ಕೈ ಗಲ್ಲಕ್ಕಿಟ್ಟು ಇನ್ನೊಂದು ಕೈ ಕೊಡುತ್ತಿದ್ದ ನನ್ನನ್ನು ಬಲ್ಲವಳು, ಎರಡು ಕೈಯನ್ನೂ ಒಟ್ಟಿಗೆ ಅವಳ ತೊಡೆಯ ಮೇಲಿಟ್ಟಾಗ ಬಳೆ ಮಲಾರ ಹಾಗೇ ಬಿಟ್ಟು ನನ್ನ ಮುಖ ನೋಡಿದಳು, ಅಲ್ಲಾ ದೊಡ್ಡೋನು ಕಣಕ್ಕ, ಅಂದಳು. ಹಸಿರು ಬಳೆ, ಈಗ ಸೊಪ್ಪಿನ ಜೊತೆ ಗಲಗಲ ಅನ್ನುತ್ತಿವೆ.

ಏರು. ಗುಡಿಯ ಏರು, ಕಾಲು ಕಲ್ಲಿಗೆ ತಾಗುತ್ತಿದೆ, ಮೈ ಮುಂದಕ್ಕೆ ಬಾಗುತ್ತದೆ, ತಲೆ ಬಾಗಬಾರದು, ತಮಟೆ ಏರಿದೆ, ಎದೆಯೊಳಗೇ ಬಡಿಯುತ್ತಿದ್ದಾರೆ, ಹೊಗೆ, ಬೇವು, ಬೆವರು, ಚಿಕ್ಕಮಾದಯ್ಯ ಮೇಲೆ ನಿಂತು ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದಾನೆ, ನೋಡು — ಸುಟ್ಟಿತು. ಎಡ ಕಿವಿಯ ಮೇಲೆ, ಬಿಸಿ ತುಪ್ಪ, ಒಂದು ಹನಿ, ಇನ್ನೊಂದು, ಕಿವಿಯಿಂದ ಕತ್ತಿಗೆ ಹರಿಯುತ್ತಿದೆ, ತಟ್ಟೆ ವಾಲಿದೆ, ವಾಲಿದೆ, ಕತ್ತಿನ ಹಿಂದೆ ಏನೋ ಮಿಡಿಯಿತು, ಬಂತಾ, ಎಳೆಯಲು ಬಂತಾ, ಅಯ್ಯೋ ತಾಯಿ ಈಗಲ್ಲ, ಬೆರಳು ಬೇಡುತ್ತಿದೆ, ಗಲ್ಲಕ್ಕೆ ಹೋಗಲು ಬೆರಳು ಬೇಡುತ್ತಿದೆ, ಐದು ವರ್ಷದ ಅಭ್ಯಾಸ, ಸೊಪ್ಪು ಹಿಡಿ, ಬಿಗಿಯಾಗಿ ಹಿಡಿ, ತೊಟ್ಟು ಅಂಗೈಗೆ ಚುಚ್ಚಲಿ. ತಮಟೆಯವರು ನಿಲ್ಲಿಸಿದರು. ಎಡಗಡೆ ಚಲುವಮ್ಮನ ಬಳೆ ಸದ್ದೂ ನಿಂತಿತು. ನಾನು ನಿಂತೆ. ಕತ್ತು ಎಲ್ಲಿಗೆ ಹೋಗುತ್ತದೆ ಎಂದು ನಾನೂ ಕಾದೆ, ಊರಿನವರ ಹಾಗೆ ನಾನೂ ನೋಡುತ್ತ ನಿಂತೆ, ತುಪ್ಪ ರವಿಕೆಯೊಳಗೆ ಇಳಿಯಿತು, ಆರಿತು, ಗಟ್ಟಿಯಾಯಿತು — ಕತ್ತು ಎಲ್ಲಿಗೂ ಹೋಗಲಿಲ್ಲ. ಇಲ್ಲೇ ಇದೆ. ಭುಜದ ಮೇಲೆ, ನಡುವೆ, ನೆಟ್ಟಗೆ. ಮಿಡಿದದ್ದು ಕತ್ತಲ್ಲ, ನನ್ನ ಹೆದರಿಕೆ. ಒಂದು ಕೂದಲೆಳೆಯಷ್ಟು ತಲೆ ಬಲಕ್ಕೆ ವಾಲಿಸಿದೆ, ನಾನೇ ವಾಲಿಸಿದೆ, ತಟ್ಟೆ ಸರಿಹೋಯಿತು, ಬಾರ್ಸ್ರಲಾ ಯಾಕ್ ನಿಲ್ಸಿದ್ರಿ, ಅದು ಇವರ ಧ್ವನಿ, ನನ್ನ ಗಂಡನ ಧ್ವನಿ, ಒಡೆದುಹೋಗಿದೆ, ತಮಟೆ ಮತ್ತೆ ಬಿತ್ತು, ನಾನು ಹತ್ತಿದೆ, ಹತ್ತುತ್ತಿದ್ದೇನೆ, ಯಾರು ತಡೆಯುತ್ತಾರೆ ಈಗ ನನ್ನನ್ನು, ಕಾಲು ತನ್ನಷ್ಟಕ್ಕೆ ಹತ್ತುತ್ತಿದೆ, ಬಟ್ಟೆ ಇದೆಯೋ ಕಲ್ಲಿದೆಯೋ ಗೊತ್ತಾಗುತ್ತಿಲ್ಲ.

ಪೂಜಾರಿ ತಟ್ಟೆ ಇಳಿಸಿಕೊಂಡ. ತಲೆ ಹಗುರವಾಯಿತು, ಬತ್ತಿ ಉರಿಯುತ್ತಿತ್ತು, ಈಗಲೇ ನಾನು ಅದನ್ನು ನೋಡಿದ್ದು. ಚಿಕ್ಕಮಾದಯ್ಯ ಗಂಟಲು ಸರಿಮಾಡಿಕೊಂಡು, ಮೊದ್ಲಾರ್ತಿ ಇರೀಸೊಸೆದೇ ಕಣ್ರಪ್ಪ, ಅದ್ರಲ್ಲಿ ಇನ್ ಮಾತಿಲ್ಲ, ಅಂದ, ಇವರು ಟವೆಲಿನಿಂದ ಮುಖ ಮುಚ್ಚಿಕೊಂಡು ಕಂಬಕ್ಕೆ ಒರಗಿದರು. ಆಗ ಎಡಗಡೆಯಿಂದ, ಅಕ್ಕ, ಅಂತ. ಚಲುವಮ್ಮ. ಅಷ್ಟು ವರ್ಷದ ಮೇಲೆ ಅಕ್ಕ ಅಂದಳು, ಚೆಂದಾಗಿ ತಂದೆ ಬುಡಕ್ಕ, ಅಂದಳು, ಊರೆಲ್ಲ ನೋಡುತ್ತಿದೆ, ಅವಳ ಕಡೆ ನೋಡುವುದು ಸುಲಭ, ಎಡಕ್ಕೆ ನೋಡಿ ನೋಡಿ ಸವೆದುಹೋದ ಕಣ್ಣು ನನ್ನದು, ಅವಳು ನಕ್ಕೂ ನಗದ ಹಾಗೆ ನಿಂತಿದ್ದಾಳೆ, ಏನಾದರೂ ಹೇಳಲು ಬಾಯಿ ತೆರೆದಿದ್ದಾಳೆ — ನಾನು ತಿರುಗಿಸಿದೆ. ಮುಖ ತಿರುಗಿಸಿದೆ. ಬಲಕ್ಕೆ, ಅವಳಿಂದ ಆಚೆಗೆ, ಮೆಲ್ಲಗೆ, ಎಲ್ಲರಿಗೂ ಕಾಣುವ ಹಾಗೆ, ಗದ್ದ ಬಲಭುಜದ ಮೇಲೆ ಬರುವವರೆಗೆ. ಮಾಡದ ತಪ್ಪಿಗೆ ಐದು ವರ್ಷ ಅನ್ನಿಸಿಕೊಂಡೆನಲ್ಲ, ತಗೋ, ಇದು ಮಾಡಿದ್ದು, ಮುಖ ತಿರುಗಿಸುವುದು ಅಂದರೆ ಇದು, ಇದು ಕಾಯಿಲೆಯಲ್ಲ, ಇದು ನಾನು. ಬಲಗಡೆ ಕೆರೆ ಕಂಡಿತು, ನೀರಿನ ಮೇಲೆ ಬಿಸಿಲು, ಏರಿಯ ಮೇಲೆ ಯಾರದೋ ಎಮ್ಮೆ, ಕತ್ತು ನನ್ನ ಮಾತು ಕೇಳುತ್ತಿದೆ, ಸಾಕು ಅಂದರೆ ಸಾಕು, ಇರು ಅಂದರೆ ಇರುತ್ತದೆ, ಅವಳಿಗೆ ಸರಿಯಾಗಿ ತಾಗುವಷ್ಟು ಹೊತ್ತು ಇಟ್ಟೆ, ಆಮೇಲೆ ಮನಸ್ಸು ಬಂತು, ನನಗೇ ಬಂತು, ತಿರುಗಿಸಿದವಳೂ ನಾನೇ, ವಾಪಸ್ಸು ತರುವವಳೂ ನಾನೇ, ತಂದೆ, ಕೆರೆ ಕಣ್ಣಿಂದ ಸರಿಯಿತು, ಕಂಬ ಸರಿಯಿತು, ದೀಪ ಸರಿಯಿತು, ಅವಳ ಮುಖದ ಮುಂದೆ ಬಂದು ನಿಂತೆ, ಕಣ್ಣಿಗೆ ಕಣ್ಣು. ಚಲುವಮ್ಮನಿಗೆ ಅರ್ಥವಾಗಿದೆ. ಈಗ ಅರ್ಥವಾಗಿದೆ, ಆವತ್ತಿನದು ಯಾವುದು, ಇವತ್ತಿನದು ಯಾವುದು ಅಂತ. ಬಾಯಿ ತೆರೆದೇ ಇದೆ. ಎಲೆಯಡಿಕೆಯ ಕೆಂಪು, ಮುಂದಿನ ಒಂದು ಹಲ್ಲು ಮುರಿದದ್ದು, ನನಗೆ ಗೊತ್ತೇ ಇರಲಿಲ್ಲ, ಯಾವಾಗ ಮುರಿಯಿತೋ, ಎದುರಿಗೆ ನಿಂತು ನೋಡಿ ಅಷ್ಟು ವರ್ಷವಾಯಿತು, ಬಾಯಿ ತೆರೆದೇ ಇದೆ, ನಾನು ನೋಡುತ್ತಿದ್ದೇನೆ, ಕತ್ತು ಅಲುಗುತ್ತಿಲ್ಲ, ಆ ಮುರಿದ ಹಲ್ಲು, ಆ ತೆರೆದ ಬಾಯಿ.